ಮೂರನೇ ಹೊಂಡದ ನೀರು

ಅವರು ಎತ್ತರದ ಹೆಂಗಸು ಎಂದು ಬರೆದಿದ್ದೆ, ಹೊಡೆದು ಹಾಕಿದೆ. ನಾನು ಅವರನ್ನು ಹೆಚ್ಚಾಗಿ ನೋಡಿದ್ದು ಹೊಂಡದ ಏರಿಯ ಮೇಲೆ ನಿಂತಿದ್ದಾಗ, ಕೆಳಗಿನಿಂದ. ಏರಿಯ ಮೇಲೆ ನಿಂತರೆ ಯಾರಾದರೂ ಎತ್ತರವೇ. ಕಚೇರಿಗೆ ಬಂದು ನನ್ನ ಮೇಜಿನ ಎದುರು ನಿಂತಾಗ ಅವರ ತಲೆ ಹಿಂದಿನ ಗೋಡೆಯ ಕ್ಯಾಲೆಂಡರಿನ ಕೆಳಗಂಚನ್ನೂ ಮುಟ್ಟುತ್ತಿರಲಿಲ್ಲ. ಕ್ಯಾಲೆಂಡರು ವರ್ಷಕ್ಕೊಂದು ಬದಲಾಗುತ್ತದೆ, ಮೊಳೆ ಅದೇ. ಮೊನ್ನೆ ಅಳೆದು ನೋಡಿದೆ. ಅವರು ಕುಳ್ಳಗಿದ್ದರು.

ಹೋದ ವಾರ ತೀರಿಕೊಂಡರು. ನಮ್ಮ ಪೇಟೆಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರ ಹಳೆಯ ಫೋಟೋಕ್ಕೆ ಹೂವಿನ ಚೌಕಟ್ಟು ಹಾಕಿ, ಕೆಳಗೆ ‘ನಿಸರ್ಗದ ಮಗಳು’ ಎಂದು ಬರೆದಿದ್ದಾರೆ. ಅವರಿದ್ದಾಗ ಇದೇ ಪೇಟೆ ಅವರನ್ನು ಕರೆಯುತ್ತಿದ್ದುದು ‘ಹೊಂಡದ ಮೇಡಂ’ ಅಂತ. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಹೋಗುವವರಿದ್ದರು. ಅವರಲ್ಲಿ ಇಬ್ಬರು ಆ ಫೋಟೋದ ಕೆಳಗೆ ಕೈಮುಗಿದಿದ್ದಾರೆ. ನಾನೂ ಮುಗಿದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಬಸ್ಸುಗಳು ಐದು ನಿಮಿಷ ನಿಂತು ಹೋಗುವ ಪೇಟೆ ನಮ್ಮದು, ಹೆಸರು ಬೇಡ. ಪೇಟೆಯ ಬಚ್ಚಲು, ಪಾಯಿಖಾನೆ, ಹೋಟೆಲಿನ ನೀರೆಲ್ಲ ಗಟಾರದಲ್ಲಿ ಹರಿದು ಒಂದು ಹಳ್ಳಕ್ಕೆ ಬೀಳುತ್ತದೆ. ಹಳ್ಳದ ಬದಿಯಲ್ಲಿ, ಪೇಟೆ ಮುಗಿಯುವಲ್ಲಿ, ಸಾಲಾಗಿ ಮೂರು ಹೊಂಡ ತೋಡಿದ್ದಾರೆ. ಹಳ್ಳಕ್ಕೆ ಬಿದ್ದ ಗಟಾರದ ನೀರನ್ನು ಅಲ್ಲಿ ಮೊದಲನೆಯದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಅದು ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಹೆಚ್ಚುಕಡಿಮೆ ಒಂದು ತಿಂಗಳು ತೆಗೆದುಕೊಂಡು ತೆವಳುತ್ತದೆ. ಕೆಸರು ತಳಕ್ಕೆ ಕೂರುತ್ತದೆ, ಹುಳದ ಮೊಟ್ಟೆ ಕೂರುತ್ತದೆ, ಮಿಕ್ಕದ್ದನ್ನು ಬಿಸಿಲು ಮತ್ತು ಪಾಚಿ ನೋಡಿಕೊಳ್ಳುತ್ತವೆ. ಯಂತ್ರ ಇಲ್ಲ, ಕರೆಂಟು ಇಲ್ಲ. ನೀರು ಸುಮ್ಮನೆ ನಿಂತಿರಬೇಕು. ಅಲ್ಲಿ ನಡೆಯುವ ಕೆಲಸ ಅಷ್ಟೇ. ಹಾಗೆ ನಿಂತ ನೀರನ್ನು ಬೇಸಿಗೆಯಲ್ಲಿ ಕೆಳಗಿನ ತರಕಾರಿ ಗದ್ದೆಗಳಿಗೆ ಕೊಡುವುದು ಯೋಜನೆ. ಅವರು ಅಲ್ಲಿ ಹೊರಗುತ್ತಿಗೆಯ ಕೆಮಿಸ್ಟ್. ನಾನು ಪಟ್ಟಣ ಪಂಚಾಯಿತಿಯಲ್ಲಿ ಟಪಾಲು ಗುಮಾಸ್ತ.

ಅವರು ನೀರನ್ನು ಮೂಸುತ್ತಿದ್ದರು. ಬಾಟಲಿಯ ಬಾಯಿಗೆ ಮೂಗು ಇಟ್ಟು, ಕಣ್ಣು ಮುಚ್ಚಿ, ಹಾಲು ಒಡೆದಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ. ಮೊದಲ ಸಲ ನೋಡಿದಾಗ ನಾನು ಕರವಸ್ತ್ರ ಮೂಗಿಗೆ ಹಿಡಿದು ಹಿಂದೆ ಸರಿದೆ. “ಬನ್ನಿ ಮಾರಾಯ್ರೆ, ನಿಮ್ಮ ಮನೇದೂ ಇದೆ ಇದ್ರಲ್ಲಿ,” ಅಂದರು. ನಗಲಿಲ್ಲ. ಅವರ ಕುಶಾಲು ಹಾಗೇ ಇರುತ್ತಿತ್ತು. ನಗು ನಮ್ಮ ಪಾಲಿಗೆ ಬಿಟ್ಟದ್ದು, ಬಂದರೆ ಬಂತು.

ಅವರ ವೈರಿ ಯಾರು ಎಂದು ಕೇಳಿದರೆ ನನ್ನ ಚಿಕ್ಕಮ್ಮ ಅನ್ನಬೇಕು. ಹಳ್ಳದ ಕೆಳಗೆ ಅವಳದ್ದು ಅರ್ಧ ಎಕರೆ. ಹರಿವೆ, ಮೂಲಂಗಿ, ಬದನೆ, ಸೌತೆ ಬೆಳೆದು ಬುಟ್ಟಿಯಲ್ಲಿ ಪೇಟೆಗೆ ತರುತ್ತಾಳೆ. ಅಲ್ಲಿ ಅವಳಂಥವರ ಐದು ಮನೆ ಇವೆ. ಮಳೆಗಾಲ ಮುಗಿದ ಮೇಲೆ ಐದೂ ಮನೆಯವರು ಸೇರಿ ಹಳ್ಳಕ್ಕೆ ಕಟ್ಟ ಹಾಕುತ್ತಾರೆ. ಕಲ್ಲು, ಮಣ್ಣು, ಸೊಪ್ಪು ಒಟ್ಟಿ ನೀರನ್ನು ತಡೆದು ಗದ್ದೆಗೆ ತಿರುಗಿಸುವ ಒಡ್ಡು ಅದು. ಅಜ್ಜಂದಿರ ಕಾಲದಿಂದ ಹಾಕಿದ್ದು ಅದೇ ಜಾಗದಲ್ಲಿ. ಅಜ್ಜಂದಿರ ಕಾಲದಲ್ಲಿ ಮೇಲೆ ಪೇಟೆ ಇರಲಿಲ್ಲ. ಈಗ ಕಟ್ಟ ಬೀಳುವುದು ಗಟಾರ ಹಳ್ಳಕ್ಕೆ ಸೇರುವಲ್ಲಿಂದ ಕೂಗಳತೆಯಲ್ಲಿ, ನೀರು ಹೊಂಡಕ್ಕೆ ತಿರುಗುವ ಮೊದಲೇ. ಆದರೂ ಕಲ್ಲಿನಿಂದ ಕಲ್ಲಿಗೆ ಹಾರಿ ಬರುವಾಗ ಅದು ತಿಳಿಯಾಗಿಯೇ ಕಾಣುತ್ತದೆ. ಮೂರನೇ ಹೊಂಡದ ನೀರು ಹಸಿರು, ಅಲುಗಾಡುವುದಿಲ್ಲ, ಅಂಚಿನಲ್ಲಿ ಪಾಚಿ.

“ನೀರು ನಿಂತ್ರೆ ಸೊಳ್ಳೆ ಹುಟ್ತದೆ, ಹರಿದ್ರೆ ಮೀನು ಹುಟ್ತದೆ,” ಎನ್ನುತ್ತಿದ್ದಳು ಚಿಕ್ಕಮ್ಮ. “ಏಳು ಕಲ್ಲು ದಾಟಿದ ನೀರಿಗೆ ಮೈಲಿಗೆ ಇಲ್ಲ ಮೇಡಮ್ಮೋರೆ. ನಿಮ್ ಹೊಂಡದ್ದು ಕೊಳೆತು ನಿಂತದೆ.”

“ನಿಲ್ಲಲಿ ಅಂತ ನಾನೇ ನಿಲ್ಸಿದ್ದು.”

“ಹಂಗಾದ್ರೆ ನೀವು ಕುಡಿತೀರಾ ಅದನ್ನ?”

“ಇಲ್ಲಪ್ಪ. ನೀವು ಸಗಣಿ ಗೊಬ್ಬರ ತಿಂತೀರಾ? ಗಿಡಕ್ಕೆ ಹಾಕಲ್ವಾ?”

ಗದ್ದೆಯ ಹೆಂಗಸರು ಸೆರಗು ಬಾಯಿಗೆ ಇಟ್ಟು ನಕ್ಕರು. ಚಿಕ್ಕಮ್ಮ ನಗಲಿಲ್ಲ. ಅವತ್ತು ಮೇಡಂ ಎರಡು ಪುಟ್ಟ ಬಾಟಲಿ ತಂದಿದ್ದರು, ಒಳಗೆ ಔಷಧಿ ಹಚ್ಚಿದ ಕಾಗದದ ಪಟ್ಟಿ. ಒಂದಕ್ಕೆ ಕಟ್ಟದ ತಿಳಿನೀರು, ಇನ್ನೊಂದಕ್ಕೆ ಮೂರನೇ ಹೊಂಡದ ಹಸಿರು ನೀರು ತುಂಬಿ ಚಿಕ್ಕಮ್ಮನ ಕೈಗೇ ಕೊಟ್ಟರು. ಹೊಲಸು ಇದ್ದರೆ ಕಪ್ಪಾಗುತ್ತದೆ, ಒಲೆಯ ಹತ್ತಿರ ಬೆಚ್ಚಗೆ ಇಟ್ಟು ನೋಡಿ ಎಂದರು. ಬೆಳಗಾಗುವುದರೊಳಗೆ ತಿಳಿನೀರಿನ ಬಾಟಲಿ ಮಸಿಯಾಯಿತು. ಚಿಕ್ಕಮ್ಮನಿಗೆ ದಿಗಿಲು. ಆದರೆ ನಾಲ್ಕನೇ ದಿನ ಇನ್ನೊಂದೂ ಕಪ್ಪಾಯಿತು. ಅವಳು ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ಗೆದ್ದವಳ ಹಾಗೆ ಏರಿ ಹತ್ತಿದಳು.

“ಎರಡೂ ಕಪ್ಪೇ ಆತಲ್ಲ ಮೇಡಮ್ಮೋರೆ!”

“ಹೌದು. ಒಂದು ಒಂದೇ ದಿನಕ್ಕೆ, ಇನ್ನೊಂದು ನಾಲ್ಕು ದಿನಕ್ಕೆ. ಅಷ್ಟು ವ್ಯತ್ಯಾಸ ಇದೆ.”

“ಅಂದ್ರೆ ಶುದ್ಧ ಅಲ್ಲ.”

“ಅಲ್ಲ. ಬುಡಕ್ಕೆ ಕೊಡಿ, ಎಲೆಗೆ ತಾಗಿಸ್ಬೇಡಿ. ಬೇಯಿಸಿ ತಿನ್ನೋದಕ್ಕೆ ಕೊಡಿ, ಸೌತೆ ಮೂಲಂಗಿಗೆ ಬೇಡ. ಕೊಯ್ಯೋ ಒಂದು ವಾರ ಮುಂಚೆ ನಿಲ್ಸಿ. ಗದ್ದೆಯಿಂದ ಬಂದು ಸೋಪು ಹಾಕಿ ಕೈ ತೊಳೀರಿ.”

“ಇಷ್ಟೆಲ್ಲ ಕಟ್ಟಳೆ ಇರೋ ನೀರು ಯಾಕೆ ನಂಗೆ? ಒಂದು ಸಲ ಶುದ್ಧ ಅಂದ್ಬಿಡಿ, ನಾಳೆಯಿಂದ ಬಳಸ್ತೀನಿ.”

ಅವರು ಅನ್ನಲಿಲ್ಲ. ನಾನು ಆಮೇಲೆ ಕೇಳಿದೆ, ಒಂದು ಮಾತು ಅಂದಿದ್ದರೆ ಏನಾಗುತ್ತಿತ್ತು ಎಂದು. “ಶುದ್ಧ ಅಂದ್ರೆ ನಾಡಿದ್ದು ಅದೇ ನೀರಲ್ಲಿ ಸೌತೆಕಾಯಿ ತೊಳೆದು ಮಕ್ಕಳ ಕೈಗೆ ಕೊಡ್ತಾರೆ,” ಎಂದರು. ಆಗ ನನಗೆ ಇದು ಮೊಂಡುತನ ಎನಿಸಿತ್ತು. ಈಗಲೂ ಒಂದೊಂದು ಸಲ ಹಾಗೇ ಅನಿಸುತ್ತದೆ. ಸತ್ತವರ ಎಲ್ಲ ಹಟವನ್ನೂ ಗುಣ ಎಂದು ಬರೆದುಬಿಡುವ ಸುಲಭದ ದಾರಿ ನನಗೆ ಬೇಡ. ಅವರ ಬಾಯಲ್ಲಿ ಒಂದು ಒಳ್ಳೆಯ ಸುಳ್ಳು ಬಂದಿದ್ದರೆ ಚಿಕ್ಕಮ್ಮ ಎರಡು ಬೇಸಿಗೆ ಮೊದಲೇ ಗಟಾರದಿಂದ ಕಾಲು ತೆಗೆಯುತ್ತಿದ್ದಳು.

ಅವರ ಮನೆಗೆ ಒಂದೇ ಸಲ ಹೋಗಿದ್ದೇನೆ. ಹೊಸನಗರದ ಹತ್ತಿರ, ಅಣ್ಣನ ಮನೆ. ಯಾವುದೋ ಕಾಗದಕ್ಕೆ ಅಣ್ಣನ ಸಹಿ ಬೇಕಿತ್ತು, ಅವರ ಜೊತೆಗೇ ಸಂಜೆಯ ಬಸ್ಸಿಗೆ ಹೋದೆ. ನನಗೆ ಜಗಲಿಯಲ್ಲಿ ಚಾಪೆ ಹಾಕಿದರು. ಅವರಿಗೆ ಮಾತ್ರ ಅತ್ತಿಗೆ ಬಾಗಿಲಲ್ಲೇ ಕೈ ಅಡ್ಡ ಹಿಡಿದರು.

“ಒಳಗೆ ಬರಡ. ಮಿಂದ್ಕಂಡು ಬಾ. ಬಿಸಿನೀರು ಇದ್ದು.”

“ಗೊತ್ತಿದ್ದೇ ಅತ್ತಿಗೆ, ದಿನಾ ಎಂತಕ್ಕೆ ಹೇಳ್ತೆ?” ಎಂದು ಅವರು ಮನೆ ಸುತ್ತಿ ಹಿತ್ತಿಲಿನ ಬಚ್ಚಲಿಗೆ ಹೋದರು. ಆಮೇಲೆ ತಿಂಡಿಗೆ ಪತ್ರೊಡೆ ಬಂತು, ಬಚ್ಚಲಿನ ಹಿಂದೆ ಬೆಳೆದ ಕೆಸುವಿನ ಎಲೆಯದ್ದು. ನಮ್ಮ ಕಡೆ ಕೆಸು ಬೆಳೆಯುವುದೇ ಅಲ್ಲಿ, ಬಚ್ಚಲ ನೀರು ಹರಿದು ಹೋಗುವಲ್ಲಿ. ಅವರು ಒಂದು ತುಂಡು ಬಾಯಿಗೆ ಹಾಕಿಕೊಂಡು, “ಅತ್ತಿಗೆ, ಈ ಕೆಸುವಿಗೆ ಯಾವ ನೀರು?” ಎಂದರು.

“ಬಚ್ಚಲದ್ದು. ಮತ್ತೆಂತದು?”

“ಆನು ಹೊಂಡದಿಂದ ಬಂದು ಮಿಂದ ನೀರು, ಅಲ್ದಾ?”

ಅತ್ತಿಗೆ ಒಂದು ಕ್ಷಣ ತಟ್ಟೆ ನೋಡಿದರು. “ನಿಂಗೆ ತಿಂಬಕ್ಕೆ ಕೂತಾಗ್ಲೇ ಇದೆಲ್ಲ ನೆನಪಾಗ್ತು,” ಎಂದು ಒಳಗೆ ಹೋದರು. ಎಲ್ಲರೂ ನಕ್ಕೆವು ಎಂದು ನನ್ನ ನೆನಪು ಹೇಳುತ್ತದೆ. ನಕ್ಕಿರಲಿಕ್ಕಿಲ್ಲ. ಅವರಿಗೆ ಅಡುಗೆಮನೆಯ ಹೊರಗೆ ಬೇರೆ ಲೋಟ ಇಟ್ಟದ್ದು ಆಗಲೇ ನನ್ನ ಕಣ್ಣಿಗೆ ಬಿದ್ದಿತ್ತು.

ಚಿಕ್ಕಮ್ಮನನ್ನು ಕೊನೆಗೆ ಒಪ್ಪಿಸಿದ್ದು ಬಾಟಲಿಯಲ್ಲ, ಅವಳದೇ ಕಾಲು. ಕಟ್ಟದ ನೀರಿಗೆ ಇಳಿದು ಇಳಿದು ಮೊಣಕಾಲಿನವರೆಗೆ ಕಜ್ಜಿಯಾಗಿ, ಒಂದು ಮಾರ್ಚಿನಲ್ಲಿ ನಡೆಯಲಾಗದಷ್ಟಾಯಿತು. ಅವರು ಮೂರನೇ ಹೊಂಡದಿಂದ ಅವಳ ಗದ್ದೆಗೆ ಪೈಪು ಎಳೆದು, ಸಾಲಿನ ಬುಡದಲ್ಲಿ ಮಾತ್ರ ನೀರು ಬೀಳುವ ಹಾಗೆ ತೂತು ಕೊರೆದು ಕೊಟ್ಟರು. ನೀರಿಗೆ ಇಳಿಯುವುದೇ ಬೇಡವಾಯಿತು, ಕಾಲು ವಾಸಿಯಾಯಿತು. ಸೌತೆ ಮೂಲಂಗಿಗೆ ಬಾವಿ ನೀರು, ಹರಿವೆ ಬದನೆಗೆ ಹೊಂಡದ್ದು ಎಂದು ಅವಳೇ ಉಳಿದ ನಾಲ್ಕು ಮನೆಗೆ ಬೈದು ಬೈದು ಹೇಳಿಕೊಟ್ಟಳು. ಎರಡು ವರ್ಷ ಹಳ್ಳಕ್ಕೆ ಕಟ್ಟ ಬೀಳಲಿಲ್ಲ. ಅವರ ಆರು ವರ್ಷದ ಕೆಲಸಕ್ಕೆ ಸಿಕ್ಕಿದ್ದು ಇಷ್ಟು: ಐದು ಮನೆ, ಐದು ಪೈಪು. ಅವರಿಗೆ ಬೇಕಾಗಿದ್ದದ್ದೂ ಅಷ್ಟೇ.

ಆಮೇಲೆ ನಮ್ಮ ಕಚೇರಿಗೆ ಸುದ್ದಿ ಬಂತು, ಹೊರಗಿನಿಂದ ದೊಡ್ಡವರು ಯೋಜನೆ ನೋಡಲು ಬರುತ್ತಾರೆ ಎಂದು. ನಮ್ಮ ಸಾಹೇಬರು ಮೊದಲ ಬಾರಿಗೆ ಹೊಂಡಕ್ಕೆ ಹೋದರು. ನಾನು ಫೈಲು ಹಿಡಿದು ಹಿಂದೆ.

“ಏನ್ರೀ ಇದು, ಪಾಚಿ! ಬಂದೋರು ಮೂಗು ಮುಚ್ಕೋತಾರೆ. ನೀರು ಅಂದ್ರೆ ಹರೀತಾ ಇರ್ಬೇಕು.”

“ಹರಿದ್ರೆ ಅದು ಗಟಾರ ಸರ್. ನಿಂತಿರೋದಕ್ಕೇ ಅದು ಹೊಂಡ.”

“ನೀವು ಕೆಮಿಸ್ಟ್ರಿ ಓದಿದೀರಿ, ಜನ ಓದಿಲ್ಲ. ಹರಿಯೋ ನೀರು ಕಂಡ್ರೆ ಜನಕ್ಕೆ ನಂಬಿಕೆ ಬರುತ್ತೆ.”

ಸಾಹೇಬರು ಕೆಟ್ಟವರಲ್ಲ. ಚಿಕ್ಕಮ್ಮ ನಂಬಿದ್ದನ್ನೇ ಅವರೂ ನಂಬಿದ್ದರು. ವ್ಯತ್ಯಾಸ ಏನೆಂದರೆ ಅವರು ಹೇಳಿದರೆ ಜೆಸಿಬಿ ಬರುತ್ತಿತ್ತು. ಮರುದಿನ ಬಂತು. ಹೊಂಡಗಳ ನಡುವಿನ ಎರಡು ಏರಿಗಳನ್ನೂ ನೇರ ಗೆರೆಯಲ್ಲಿ ಕಡಿಯಿತು. ತಿಂಗಳು ಹಿಡಿಯುತ್ತಿದ್ದ ದಾರಿಯನ್ನು ಗಟಾರದ ನೀರು ಒಂದು ಹೊತ್ತಿನಲ್ಲಿ ದಾಟಿತು. ಪಾಚಿ ಕೊಚ್ಚಿಕೊಂಡು ಹೋಯಿತು. ನೀರು ಹರಿಯಿತು, ಸದ್ದು ಮಾಡಿತು, ಪೇಟೆಯ ಜನ ಏರಿಯ ಮೇಲೆ ನಿಂತು ನೋಡಿ ಈಗ ಚಂದ ಕಾಣುತ್ತದೆ ಎಂದರು. ಚಿಕ್ಕಮ್ಮ ಗದ್ದೆಯಿಂದಲೇ ಕೂಗಿದಳು, “ಈಗ ಸರಿಯಾತು ನೋಡಿ ಮೇಡಮ್ಮೋರೆ!”

ಅವರು ಅದೇ ಮಧ್ಯಾಹ್ನ ಕೈಬರಹದಲ್ಲಿ ಒಂದು ಪತ್ರ ಬರೆದು ತಂದರು. ಏರಿ ಕಡಿದಿರುವುದರಿಂದ ಮೂರನೇ ಹೊಂಡದಲ್ಲಿ ಈಗ ಇರುವುದು ಗಟಾರದ ನೀರೇ. ಏರಿ ಮುಚ್ಚಿ, ಮತ್ತೆ ನೀರು ನಿಂತು, ಪರೀಕ್ಷೆ ಆಗುವವರೆಗೆ ಗದ್ದೆಗಳಿಗೆ ಬಿಡಬಾರದು. ನಾಲ್ಕು ಸಾಲು. ಬಂದ ಕಾಗದಕ್ಕೆ ಸೀಲು ಹೊಡೆದು, ನಂಬರು ಹಾಕಿ, ರಿಜಿಸ್ಟರಿನಲ್ಲಿ ಏರಿಸುವುದು ನನ್ನ ಕೆಲಸ. ತಂದವರು ಇನ್ನೊಂದು ಪ್ರತಿ ಕೊಟ್ಟರೆ ಅದಕ್ಕೆ ಸಹಿ ಮಾಡಿ ಕೊಡಬೇಕು. ಅವರು ಪ್ರತಿ ತಂದಿರಲಿಲ್ಲ. ನನ್ನನ್ನು ನಂಬಿದ್ದರೋ, ಅವಸರವಿತ್ತೋ, ನನಗೆ ಯಾವುದು ಅನುಕೂಲವೋ ಅದನ್ನು ಇಲ್ಲಿ ಬರೆಯಬಹುದು.

ನಾನು ಅದಕ್ಕೆ ನಂಬರು ಹಾಕಲಿಲ್ಲ. ‘ಇದನ್ನ ಏರಿಸ್ಬೇಡಿ, ನನ್ನ ಟೇಬಲ್ ಮೇಲಿಡಿ’ ಎಂದು ಸಾಹೇಬರು ಹೇಳಿದರು. ಹೀಗೆಂದು ಇಷ್ಟು ವರ್ಷ ನನಗೆ ನಾನು ಹೇಳಿಕೊಂಡು ಬಂದಿದ್ದೇನೆ. ಆ ಮಾತಿನ ಧ್ವನಿಯೂ ಕಿವಿಯಲ್ಲಿದೆ. ಆದರೆ ಮೇಡಂ ಪತ್ರ ತಂದದ್ದು ಮಧ್ಯಾಹ್ನ, ಸಾಹೇಬರು ಆ ಮಧ್ಯಾಹ್ನ ಶಿವಮೊಗ್ಗದಲ್ಲಿ ಮೀಟಿಂಗಿನಲ್ಲಿದ್ದರು. ಹಾಗಾದರೆ ಯಾರು ಹೇಳಿದರು? ಯಾರೂ ಹೇಳದಿದ್ದರೂ ಏನು ಮಾಡಬೇಕೆಂದು ತಿಳಿಯುವಷ್ಟು ಸರ್ವೀಸು ನನಗಾಗಿತ್ತು.

ಉತ್ತರಕ್ಕೆ ಅವರು ಎರಡು ದಿನ ಕಾದರು. ಮೂರನೇ ದಿನ ತಾವೇ ಐದು ಗದ್ದೆಗೂ ಇಳಿದು ಪೈಪು ಕಿತ್ತರು. ನಾನು ಅಲ್ಲಿರಲಿಲ್ಲ. ಚಿಕ್ಕಮ್ಮ ಇದನ್ನು ಮೂರು ರೀತಿ ಹೇಳಿದ್ದಾಳೆ. ಒಂದರಲ್ಲಿ ಅವರು ಅತ್ತರು, ಇನ್ನೊಂದರಲ್ಲಿ ಕಣ್ಣೂ ಒದ್ದೆ ಮಾಡಿಕೊಳ್ಳಲಿಲ್ಲ, ಮತ್ತೊಂದರಲ್ಲಿ ಚಿಕ್ಕಮ್ಮನೇ ಅತ್ತದ್ದು. ಮೂರರಲ್ಲೂ ಒಂದೇ ಇರುವುದು ಈ ಮಾತು:

“ಪೈಪ್ ಹಾಕ್ದೋರೂ ನೀವೇ, ಕೀಳೋರೂ ನೀವೇ! ಅವತ್ತು ನಿಂತಿತ್ತು, ಆಗ್ತದೆ ಅಂದ್ರಿ. ಇವತ್ತು ಹರಿತದೆ, ಆಗಲ್ಲ ಅಂತೀರಿ. ನಮ್ಮನ್ನ ಏನಂತ ತಿಳ್ಕಂಡೀರಿ?”

“ಹೌದು ಅಮ್ಮ. ಈಗ ಆಗಲ್ಲ.”

“ಹಂಗಾದ್ರೆ ನಿಮ್ಮದೇ ತಪ್ಪು ಅಂತಾತು.”

“ನಂದೇ ಅನ್ಕೊಳ್ಳಿ. ನೀರು ಮಾತ್ರ ಮುಟ್ಬೇಡಿ.”

ವಿವರಿಸುತ್ತ ಕೂತಿದ್ದರೆ ಇನ್ನೊಂದು ದಿನ ಆ ನೀರು ಹರಿವೆಗೆ ಹೋಗುತ್ತಿತ್ತು, ಅದಕ್ಕೇ ಹಾಗೆಂದರು ಎಂದು ನಾನು ಊಹಿಸುತ್ತೇನೆ. ಆರು ವರ್ಷದಲ್ಲಿ ಒಂದೊಂದೇ ಮನೆ ಸೇರಿಸಿಕೊಂಡದ್ದನ್ನು ಒಂದು ಬೆಳಿಗ್ಗೆ ಕೈಯಾರೆ ಕಿತ್ತು, ಪೈಪಿನ ಸುರುಳಿಗಳನ್ನು ಒಂದೊಂದಾಗಿ ಹೆಗಲ ಮೇಲೆ ಹೊತ್ತು ಶೆಡ್ಡಿಗೆ ತಂದು ಹಾಕಿದರು.

ದೊಡ್ಡವರು ಬಂದರು. ನೀರು ಹರಿಯುತ್ತಿತ್ತು, ಗದ್ದೆಯಲ್ಲಿ ತೋರಿಸಲು ಒಬ್ಬ ರೈತನೂ ಇರಲಿಲ್ಲ. ಅವರು ಹೋದ ಮೇಲೆ ಸಾಹೇಬರು ಮೇಡಂ ಅವರನ್ನು ಕರೆಸಿದರು. ಯಾರ ಆದೇಶದ ಮೇಲೆ ನೀರು ನಿಲ್ಲಿಸಿದಿರಿ, ಯಾಕೆ ಜನರಲ್ಲಿ ಭಯ ಹುಟ್ಟಿಸಿದಿರಿ?

“ನಿಲ್ಲಿಸ್ಬೇಕು ಅಂತ ಬರೆದು ಕೊಟ್ಟಿದೀನಿ ಸರ್. ಟಪಾಲಲ್ಲಿ ಕೊಟ್ಟಿದೀನಿ.”

“ರಿಜಿಸ್ಟರ್ ತನ್ನಿ.”

ತಂದೆ. ಆ ದಿನದ ಪುಟ ಬಿಡಿಸಿ ಇಟ್ಟೆ. ಮೇಡಂ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಮದುವೆಗೆ ಶಾಮಿಯಾನ ಹಾಕಲು ಅನುಮತಿ, ಬೀದಿ ನಾಯಿ, ಬೀದಿ ದೀಪ. ಕೆಳಗಿನವರೆಗೆ ಓದಿ ಮತ್ತೆ ಮೇಲಿನಿಂದ ಓದಿದರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಅಕ್ಷರ ಚೆನ್ನಾಗಿದೆ ಮಾರಾಯ್ರೆ,” ಎಂದರು.

ಆ ತಿಂಗಳಿಗೆ ಅವರ ಗುತ್ತಿಗೆ ಮುಗಿಯಿತು, ಮತ್ತೆ ಮುಂದುವರಿಸಲಿಲ್ಲ. ಮಳೆಗಾಲ ಕಳೆದು ಹಳೆಯ ಜಾಗದಲ್ಲೇ ಕಟ್ಟ ಬಿತ್ತು. ಮುಂದಿನ ಬೇಸಿಗೆಗೆ ನಾಲ್ಕು ಮನೆಯಲ್ಲಿ ಕಾಮಾಲೆ ಬಂತು. ಹೊಂಡದ ದೆಸೆಯಿಂದಲೇ ಎಂದು ಪೇಟೆ ಮಾತಾಡಿಕೊಂಡಿತು.

ಅವರು ತೀರ್ಥಹಳ್ಳಿಯಲ್ಲಿ ರಕ್ತ ಪರೀಕ್ಷೆಯ ಅಂಗಡಿಯೊಂದಕ್ಕೆ ಸೇರಿಕೊಂಡರು. ಒಂದು ಸಲ ಬಸ್ಸಿನಲ್ಲಿ ಸಿಕ್ಕಿದರು. ನೋಡಿಯೂ ನೋಡದವನಂತೆ ಹಿಂದೆ ಹೋಗುತ್ತಿದ್ದೆ, ಅವರೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಪತ್ರದ ಮಾತು ಎತ್ತುತ್ತಾರೆ ಎಂದು ಉತ್ತರ ಜೋಡಿಸಿಕೊಳ್ಳುತ್ತಿದ್ದೆ.

“ಏರಿ ಮುಚ್ಚಿದ್ರಾ?”

“ಮುಚ್ಚಿದ್ರು,” ಎಂದೆ. ಮುಚ್ಚಿರಲಿಲ್ಲ.

“ಯಾವ ಮಣ್ಣು ಹಾಕಿದ್ರು?”

ಈ ಪ್ರಶ್ನೆಗೆ ನಾನು ಸಿದ್ಧನಿರಲಿಲ್ಲ. “ಕೆಂಪು ಮಣ್ಣು.”

“ಜೇಡಿ ಹಾಕ್ಬೇಕಿತ್ತು. ಬರೇ ಕೆಂಪು ಮಣ್ಣಾದ್ರೆ ಸೋರ್ತದೆ,” ಎಂದು ಕಿಟಕಿಯ ಹೊರಗೆ ನೋಡಿದರು. “ಹೇಳಿ ಅವ್ರಿಗೆ,” ಎಂದರು. ನಂಬಿ ಹೇಳಿದರೋ, ಸುಳ್ಳು ಹಿಡಿದು ಅದರೊಳಗೇ ನನ್ನನ್ನು ಕೂರಿಸಿ ಹೋದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಂಡಗದ್ದೆ ಕಡೆ ಯಾರನ್ನೋ ನೋಡಲಿಕ್ಕಿದೆ ಎಂದು ತೀರ್ಥಹಳ್ಳಿಯಲ್ಲಿ ಇಳಿದು ಬೇರೆ ಬಸ್ಸು ಹತ್ತಿದರು. ಮತ್ತೆ ನೋಡಲಿಲ್ಲ.

ಮೊನ್ನೆ ಮಂಗಳವಾರ ಸುದ್ದಿ ಹೇಳಲು ಚಿಕ್ಕಮ್ಮನ ಗದ್ದೆಗೆ ಹೋದೆ. ಐದು ಮನೆಯವರೂ ಹಳ್ಳದಲ್ಲಿದ್ದರು, ಕಟ್ಟ ಹಾಕುವ ದಿನ. ಚಿಕ್ಕಮ್ಮ ಸೀರೆ ಎತ್ತಿಕಟ್ಟಿ ಮೊಣಕಾಲುಮಟ್ಟ ನೀರಿನಲ್ಲಿ ನಿಂತಿದ್ದಳು. ಕಾಲಿಗೆ ಎಂಥದೋ ಎಣ್ಣೆ ಬಳಿದಿತ್ತು. ಕೇಳಿದವಳೇ ಕೈಯಲ್ಲಿದ್ದ ಸೊಪ್ಪಿನ ಹೊರೆ ಕೆಳಗಿಟ್ಟಳು.

“ಅಯ್ಯೋ ಪಾಪ. ಒಳ್ಳೆ ಹೆಂಗಸು ಮಾರಾಯ. ಓದಿದೋರು ತಪ್ಪು ಒಪ್ಕಳೋದು ಎಲ್ಲಾದ್ರೂ ಕಂಡಿದೀಯಾ? ಅವ್ರು ಒಪ್ಕಂಡ್ರು. ‘ನಂದೇ ತಪ್ಪು, ಹೊಂಡದ ನೀರು ಆಗಲ್ಲ’ ಅಂತ ಗದ್ದೆ ಗದ್ದೆಗೆ ಬಂದು ಅವ್ರೇ ಪೈಪ್ ಕಿತ್ಕಂಡು ಹೋದ್ರು. ಇಲ್ದಿದ್ರೆ ನಾವು ಇವತ್ತಿಗೂ ಆ ಕೊಳಕನ್ನೇ ಹಾಕ್ತಿದ್ವಿ.”

ಸುತ್ತ ಇದ್ದವರು ಹೌದೌದು ಎಂದರು. ಹೇಳಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಏರಿ ಕಡಿದಿದ್ದರು, ಅವರು ಬರೆದು ಕೊಟ್ಟಿದ್ದರು, ಕಾಗದ ನನ್ನ ಕೈಯಲ್ಲಿತ್ತು. ಹೊಂಡದ್ದು ತಪ್ಪಲ್ಲ, ನೀವು ಈಗ ತಡೆಯುತ್ತಿರುವುದೇ ಗಟಾರ. ನಾನು ಬಾಯಿ ತೆರೆದೆ ಕೂಡ.

“ಏನು ಸುಮ್ನೆ ನಿಂತೆ? ಆ ಕಲ್ಲು ಎತ್ಕೊಡು, ಇಲ್ಲಿ ಸಂದಿ ಬಿಟ್ಟದೆ,” ಎಂದಳು ಚಿಕ್ಕಮ್ಮ.

ಎತ್ತಿ ಕೊಟ್ಟೆ. ಇನ್ನೊಂದು ಕೇಳಿದಳು, ಅದನ್ನೂ ಕೊಟ್ಟೆ.